ಬೀಗ ಹಾಕದ ಸ್ಕ್ರೀನ್

ಮೌಸನ್ನು ಯಾರೂ ಮುಟ್ಟಿರಲಿಲ್ಲ. ಆದರೂ ಸ್ಕ್ರೀನಿನ ಮೇಲಿದ್ದ ಬಿಳಿಯ ಬಾಣ ಅಲುಗಿತು.

ಮೊದಲು ಒಂದು ಮೂಲೆಯಲ್ಲಿ ಮಿಸುಕಾಡಿತು. ಆಮೇಲೆ ನಿಧಾನವಾಗಿ, ದಾರಿ ಗೊತ್ತಿರುವವರ ಹಾಗೆ, ಚಾಮುಂಡಿ ತಾಯಿಯ ಚಿತ್ರದ ಮೇಲೆ ಹರಿದು, ಕಿರೀಟ ದಾಟಿ, ಹಣೆಯ ಕುಂಕುಮದ ಮೇಲೆ ಬಂದು ನಿಂತಿತು.

ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಕೃಷ್ಣಪ್ಪನ ಕೈಯಲ್ಲಿದ್ದ ಕಾಫಿ ಲೋಟ ಜಾರಿ ಸಿಮೆಂಟು ನೆಲದ ಮೇಲೆ ಉರುಳಿತು.

"ಅಯ್ಯೋ ನನ್ನಮ್ಮಾ... ಮತ್ತೆ ಬಂತು!"

ಯಮುನಕ್ಕ ಸ್ಕ್ರೀನನ್ನು ನೋಡುತ್ತಲೇ ಇರಲಿಲ್ಲ. ಕೋಣೆಗೆ ಬಂದಾಗಿನಿಂದ ಆಕೆಯ ಕಣ್ಣು ಕೃಷ್ಣಪ್ಪನ ಮುಖದ ಮೇಲೇ ಇತ್ತು. ಮಡಿಕೇರಿಯ ಪೊಲೀಸ್ ಠಾಣೆಗಳಲ್ಲಿ ಕೂದಲು ಹಣ್ಣಾಗಿಸಿಕೊಂಡು ನಿವೃತ್ತಳಾದ ಹೆಂಗಸು. ಬೆಳಿಗ್ಗೆ ಕಾವೇರಮ್ಮನಿಗೆ ದೀಪ ಹಚ್ಚದೆ ಮನೆಯ ಹೊಸ್ತಿಲು ದಾಟುವವಳಲ್ಲ. ಹೊರಗೆ ಬಂದ ಮೇಲೆ ಯಾರ ಮಾತನ್ನೂ ಎರಡು ಸಲ ಕೇಳದೆ ಬಿಡುವವಳಲ್ಲ.

"ಮತ್ತೆ ಅಂದ್ರಲ್ಲ ಕೃಷ್ಣಪ್ಪನವರೇ. ಮೊದಲು ಯಾವಾಗ ಬಂದಿತ್ತು?"

ಒಳಗಿನ ಸ್ಟೋರ್ ರೂಮಿನ ಬಾಗಿಲು ತೆರೆಯಿತು. ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಕಾವ್ಯಶ್ರೀ ಹೊರಗೆ ಬಂದಳು. ಬಾಣವನ್ನು ಓಡಿಸಿದವಳು ಅವಳೇ, ಯಮುನಕ್ಕ ಹೇಳಿಕೊಟ್ಟ ಹಾಗೆ. ದೂರದಲ್ಲಿ ಕೂತೇ ಇನ್ನೊಂದು ಕಂಪ್ಯೂಟರನ್ನು ರಿಪೇರಿ ಮಾಡುವುದು ಅವಳ ದಿನದ ಕೆಲಸ. ಆದರೂ ಅವಳ ತುಟಿ ಬಿಳುಚಿತ್ತು.

ಹೊಂಗೆಕಾಡು ಎಸ್ಟೇಟಿನ ಮೇಸ್ತ್ರಿ ಲಿಂಗ, 'ದಾರಿ ಸರಿ ಇದೆ' ಎಂಬ ಮೆಸೇಜನ್ನು ನಂಬಿ ಕೆರೆ ಬ್ಲಾಕಿಗೆ ನಡೆದು, ಆನೆಯ ಕಾಲಿಗೆ ಸಿಕ್ಕಿ ಸತ್ತು ಇನ್ನೂ ವಾರ ಕಳೆದಿರಲಿಲ್ಲ. ಆ ಮೆಸೇಜು ಹೊರಟದ್ದು ಈ ಕಂಪ್ಯೂಟರಿನಿಂದ. ಕಂಪ್ಯೂಟರಿನ ಹೊಣೆ ಕಾವ್ಯಶ್ರೀಯದು.

ಎಸ್ಟೇಟ್ ಇರುವ ಮಾದಾಪುರದ ಸುತ್ತ ಆನೆ ಬರುವುದು ಹೊಸದಲ್ಲ. ಕಾಡಿನ ಅಂಚಿನಲ್ಲಿ ಓಡಾಡುವ ಕೆಂಚ ಬೆಳಿಗ್ಗೆ, ಸಂಜೆ ಫೋನ್ ಮಾಡಿ ಆನೆ ಯಾವ ಬ್ಲಾಕಿನಲ್ಲಿದೆ ಎಂದು ಹೇಳುತ್ತಾನೆ. ಕೃಷ್ಣಪ್ಪ ಅದನ್ನು ಕಂಪ್ಯೂಟರಿನಲ್ಲಿ ಒತ್ತುತ್ತಾನೆ. ಎಕ್ಸೆಲ್ ಹಾಳೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು: ಹೆಸರು, ಫೋನು, ಅವರು ನಡೆಯುವ ಬ್ಲಾಕು. ಆನೆಯಿರುವ ಬ್ಲಾಕಿನವರಿಗೆ 'ಹೋಗಬೇಡಿ' ಎಂದು ಹೋಗುತ್ತದೆ, ಉಳಿದವರಿಗೆ 'ದಾರಿ ಸರಿ ಇದೆ' ಎಂದು. ಈ ಏರ್ಪಾಟನ್ನು ಕಟ್ಟಿದವಳು ಕಾವ್ಯಶ್ರೀ. ಆಮೇಲೆ ತೋಟದಲ್ಲಿ ಒಂದು ಜೀವವೂ ಹೋಗಿರಲಿಲ್ಲ.

ಲಿಂಗನ ಸಾಲಿನಲ್ಲಿ ಕೆರೆ ಬ್ಲಾಕ್ ಹೋಗಿ ಗುಡ್ಡ ಬ್ಲಾಕ್ ಆಗಿತ್ತು. ಬದಲಾದದ್ದು ಆಯುಧಪೂಜೆಯ ಸಂಜೆ. ಬದಲಾಯಿಸಿದವರ ಹೆಸರಿನ ಜಾಗದಲ್ಲಿ ಕಾವ್ಯಶ್ರೀ ಎಂದಿತ್ತು.

"ಹೇಳಿ, ಕೃಷ್ಣಪ್ಪನವರೇ," ಎಂದಳು ಯಮುನಕ್ಕ. ದನಿ ಏರಲಿಲ್ಲ.

ಕೃಷ್ಣಪ್ಪ ಹೆಗಲ ಮೇಲಿನ ಟವೆಲಿನಿಂದ ಹಣೆ ಒರೆಸಿಕೊಂಡ. "ಪೂಜೆ ದಿನ ಸಂಜೆ... ದೀಪಕ್ಕೆ ಎಣ್ಣೆ ಹಾಕೋಣ ಅಂತ ಒಬ್ನೇ ಬಂದೆ ಕಣಕ್ಕ. ಎಲ್ಲಾ ಇಟ್ಟಿದ್ವಲ್ಲ ಇಲ್ಲಿ, ಕತ್ತಿ, ಗುದ್ದಲಿ, ಜೀಪಿನ ಕೀಲಿ... ಇವ್ಳ ಕಂಪ್ಯೂಟ್ರಿಗೂ ಹಾರ ಹಾಕಿ, ತಾಯಿ ಚಿತ್ರ ಬರ್ಸಿದ್ವಿ. ನೋಡ್ತೀನಿ, ಬಾಣ ತಾನಾಗೇ ಓಡಾಡ್ತಾ ಅದೆ! ತಾಯಿ ಮುಖ ಮಾಯ ಆಗೋಯ್ತು. ಅಡ್ಡಗೆರೆ, ಉದ್ದಗೆರೆ ಬಂತು. ನಂಗೆ ಕಾಲು ನಿಲ್ಲಲಿಲ್ಲ. ಕೈಮುಗ್ದು ಬಾಗ್ಲು ಎಳ್ಕಂಡು ಓಡ್ದೆ."

"ಯಾರಿಗೂ ಹೇಳಲಿಲ್ಲ?"

"ಏನಂತ ಹೇಳ್ಲಿ? ಬೆಳಗಾಗೋದ್ರೊಳಗೆ ಲಿಂಗ ಹೋದ. ಪೂಜೇಲಿ ನಾನೇ ಏನೋ ತಪ್ಪು ಮಾಡ್ದೆ, ತಾಯಿ ಮುನಿದ್ಲು ಅಂತ..." ಅವನ ದನಿ ಒಡೆಯಿತು. "ನಿದ್ದೆ ಇಲ್ಲ ಕಣಕ್ಕ ಅವತ್ತಿಂದ."

"ತಾಯಿ ಮುನಿದ್ರೆ ಎದುರಿಗೆ ಬಂದು ಕೇಳ್ತಾಳೆ," ಎಂದಳು ಯಮುನಕ್ಕ. "ಕದ್ದು ಬಂದು ಎಕ್ಸೆಲ್ ತೆಗೆಯೋಳಲ್ಲ."

ಕೃಷ್ಣಪ್ಪನಿಗೆ ಅಳುವಿನ ನಡುವೆಯೂ ನಗು ಬಂದಂತಾಯಿತು. ಕಾವ್ಯಶ್ರೀಗೆ ಬರಲಿಲ್ಲ.

"ಅಕ್ಕಾ, ದೂರದಿಂದ ಈ ಕಂಪ್ಯೂಟರ್ ಒಳಗೆ ಬರೋಕೆ ನಂಬರೂ ಪಾಸ್‌ವರ್ಡೂ ಬೇಕು. ಸ್ಕ್ರೀನಿನ ಮೂಲೇಲಿ ಚಿಕ್ಕದಾಗಿ ಬರುತ್ತೆ, ಅಷ್ಟೇ. ಎದುರು ಕೂತೋರಿಗೆ ಮಾತ್ರ ಕಾಣೋದು. ನಾನು ಯಾವಾಗ್ಲೂ ಬೀಗ ಹಾಕೇ ಏಳೋದು."

"ಅದು ನಿಜ," ಎಂದ ಕೃಷ್ಣಪ್ಪ ಮೂಗೊರೆಸಿಕೊಳ್ಳುತ್ತ. "ನೀರು ಕುಡಿಯೋಕೆ ಎದ್ರೂ ಸ್ಕ್ರೀನಿಗೆ ಬೀಗ. ನಾವೆಲ್ಲ ಕಳ್ರು ಅನ್ಕಂಡವ್ಳೆ ಅಂತ ರೇಗಿಸ್ತಿದ್ದೆ."

ಕುಶಾಲನಗರದ ಕೋರ್ಸಿನ ಮೇಷ್ಟ್ರು ಕಲಿಸಿದ ಮೊದಲ ಪಾಠ ಅದು. ಕುರ್ಚಿ ಬಿಡುವ ಮುನ್ನ ಎಡಗೈಯಲ್ಲಿ ಎರಡು ಕೀಲಿ ಒತ್ತಬೇಕು. ಮರೆತವರನ್ನು ದಿನವೆಲ್ಲ ನಿಲ್ಲಿಸುತ್ತಿದ್ದರು. ಮನಸ್ಸಿಗಲ್ಲ, ಕೈಗೆ ಗೊತ್ತಾಗಬೇಕು ಎನ್ನುತ್ತಿದ್ದರು.

"ಪೂಜೆ ದಿನ?" ಎಂದಳು ಯಮುನಕ್ಕ.

ಕಾವ್ಯಶ್ರೀ ತಲೆ ತಗ್ಗಿಸಿದಳು. "ಬೀಗ ಹಾಕಿದ್ರೆ ತಾಯಿ ಚಿತ್ರ ಹೋಗುತ್ತೆ ಅಕ್ಕಾ. ಹಾರ ಹಾಕಿದ ಮೇಲೆ ಹೆಂಗೆ ಕತ್ತಲೆ ಮಾಡೋದು? ಮಾರನೆ ದಿನದ ತನಕ ಮುಟ್ಟೋ ಹಾಗೂ ಇಲ್ಲ. ಹಾಗೇ ಬಿಟ್ಟು ಹೋದೆ."

ಯಮುನಕ್ಕ ತನ್ನ ಫೋನು ತೆಗೆದಳು. ಎಸ್ಟೇಟಿನ ವಾಟ್ಸಾಪ್ ಗುಂಪಿಗೆ ಕೃಷ್ಣಪ್ಪ ಹಾಕಿದ್ದ ಪೂಜೆಯ ಫೋಟೋ. ಅದನ್ನು ಬೆರಳಿನಿಂದ ಹಿಗ್ಗಿಸಿದಳು. ಹಾರ, ಕುಂಬಳಕಾಯಿ, ದೇವಿಯ ಮುಖ. ಇನ್ನೂ ಹಿಗ್ಗಿಸಿದಳು. ಬಲಗಡೆಯ ಕೆಳಮೂಲೆಯಲ್ಲಿ ಪುಟ್ಟ ಚೌಕ. ಅದರೊಳಗೆ ನಂಬರು, ಅದರ ಕೆಳಗೆ ಪಾಸ್‌ವರ್ಡು. ಒಂದೊಂದು ಅಕ್ಷರವೂ ಸ್ಪಷ್ಟ.

ಕಾವ್ಯಶ್ರೀ ಗೋಡೆಗೆ ಒರಗಿಕೊಂಡಳು.

"ಈ ಗುಂಪಿನಲ್ಲಿ ತೋಟದೋರೆಲ್ಲ ಇದಾರೆ," ಎಂದಳು ಯಮುನಕ್ಕ. "ಎಲ್ಲರೂ ದೇವಿ ನೋಡಿ ಕೈಮುಗಿದ್ರು. ಒಬ್ಬರು ಮಾತ್ರ ಮೂಲೆ ನೋಡಿದ್ರು. ಆ ಮೂಲೇಲಿ ಇರೋದು ಏನು ಅಂತ ಕಲಿತೋರಿಗೆ ಮಾತ್ರ ಗೊತ್ತು, ಅಲ್ವಾ?"

"ಇಲ್ಲಿ ಕಲಿತೋಳು ನಾನೊಬ್ಬಳೇ ಅಕ್ಕಾ. ಅದಕ್ಕೇ ಭಯ."

ಅವಳ ತಲೆಯ ಮೇಲೆ, ಗಣಪತಿ ಪಟದ ಪಕ್ಕದಲ್ಲಿ, ಕಟ್ಟು ಹಾಕಿಸಿದ ಸರ್ಟಿಫಿಕೇಟು ತೂಗುತ್ತಿತ್ತು. ಆಫೀಸ್ ಸಾಫ್ಟ್‌ವೇರಿನಲ್ಲಿ ಪರಿಣತಿ ಎಂದು ಅದರ ಮೇಲೆ ಅಚ್ಚಾಗಿತ್ತು. ತಾಯಿ ಕಾಳಮ್ಮ ಓದು ಬಾರದವಳು. ಅದು ಮನೆಗೆ ಬಂದ ದಿನ ನಾಲ್ಕು ಮೂಲೆಗೂ ಕುಂಕುಮ ಹಚ್ಚಿದ್ದಳು. ಆ ಕೆಂಪು ಗಾಜಿನೊಳಗೆ ಇನ್ನೂ ಮಾಸಿರಲಿಲ್ಲ. ಅದನ್ನು ನೋಡಿಯೇ ಇಲ್ಲಿ ಕೆಲಸ ಸಿಕ್ಕಿತ್ತು. ಅದನ್ನು ನೋಡಿಯೇ ಎಸ್ಟೇಟಿನವರು 'ಮೇಡಂ' ಎಂದದ್ದು.

ಮೊನ್ನೆ ಬಂದ ಸಬ್‌ಇನ್‌ಸ್ಪೆಕ್ಟರ್ ಕೂಡ ಅದನ್ನೇ ನೋಡಿದ್ದರು. ಬಹಳ ಹೊತ್ತು ನೋಡಿದ್ದರು. ರೈಟರ್ ಕೈಯಲ್ಲಿ ಆಗಿದ್ದರೆ ಕೈತಪ್ಪು ಅನ್ನಬಹುದಿತ್ತಮ್ಮ, ಎಂದಿದ್ದರು. ಇಷ್ಟು ಪರೀಕ್ಷೆ ಪಾಸಾದವಳು ಸಾಲು ತಪ್ಪಿಸ್ತಾಳಾ? ಅಂದ್ರೆ ಬೇಕಂತಲೇ ಮಾಡಿದ್ದು.

ಮೂರನೆಯ ದಿನ, ಅಂದರೆ ನಾಳೆ ಬೆಳಿಗ್ಗೆ, ಠಾಣೆಗೆ ಬರಬೇಕು, ಬಟ್ಟೆಬರೆ ತಂದರೆ ಒಳ್ಳೆಯದು ಎಂದೂ ಹೇಳಿ ಹೋಗಿದ್ದರು. ಕಾಳಮ್ಮ ಅವತ್ತೇ ಮಡಿಕೇರಿಗೆ ಓಡಿ ಯಮುನಕ್ಕನ ಕಾಲು ಹಿಡಿದಿದ್ದಳು.

ಹೊರಗೆ ಜೀಪು ನಿಂತ ಸದ್ದಾಯಿತು.

ಮ್ಯಾನೇಜರ್ ಶಿವಪ್ರಕಾಶ್ ಬಾಗಿಲಲ್ಲೇ ಬೂಟಿನ ಮಣ್ಣು ಕೊಡವಿದ. ಹಾಸನದ ಕಡೆಯವನು, ನಗುಮುಖ. ಬಂದವರಿಗೆ ಕುರ್ಚಿ ತಾನೇ ಎಳೆದುಕೊಡುವ ಮನುಷ್ಯ.

"ಏನ್ ಮೇಡಂ, ಕಂಪ್ಯೂಟರಿಗೆ ಮೈಮೇಲೆ ಬಂದಿದೆಯಂತೆ? ಎಂತ ಕೃಷ್ಣಪ್ಪ, ಕೋಳಿ ಕೊಡಬೇಕಾ?"

"ಸುಮ್ನಿರಿ ಸಾರ್," ಎಂದ ಕೃಷ್ಣಪ್ಪ, ನೆಲದ ಮೇಲಿನ ಕಾಫಿ ಒರೆಸುತ್ತ.

"ಪೂಜೆ ದಿನ ನೀವು ಇಲ್ಲೇ ಇದ್ರಾ ಸಾರ್?" ಎಂದಳು ಯಮುನಕ್ಕ.

"ಮಂಗಳಾರತಿ ತಗೊಂಡು ನೆಲ್ಯಹುದಿಕೇರಿಗೆ ಹೋದೆ, ಹೆಂಡತಿ ಮನೆಗೆ. ಸಂಜೆಯೆಲ್ಲ ಅವರ ಜಗಲೀಲಿ ಕೂತಿದ್ದೆ. ಬೇಕಾದ್ರೆ ಇಡೀ ಊರನ್ನ ಕೇಳಿ."

"ಕೇಳಿದೆ. ಕೂತಿದ್ರಂತೆ. ಫೋನ್ ನೋಡ್ತಾ."

"ಅತ್ತೆ ಮನೇಲಿ ಇನ್ನೇನ್ ಮಾಡದು ಮೇಡಂ?" ಅವನು ಜೋರಾಗಿ ನಕ್ಕ.

ಯಮುನಕ್ಕನೂ ನಕ್ಕಳು. "ಕಾವ್ಯಶ್ರೀನ ಕೆಲಸಕ್ಕೆ ತಗೊಂಡಿದ್ದು ಆ ಸರ್ಟಿಫಿಕೇಟ್ ನೋಡಿಯಂತೆ?"

"ಓನರ್ ಹಟ ಅದು. ಸಂದರ್ಶನಕ್ಕೆ ಬಂದೋರೆಲ್ಲ 'ಕಂಪ್ಯೂಟರ್ ಬರುತ್ತೆ ಸಾರ್' ಅನ್ನೋರೇ. ಬರುತ್ತೋ ಇಲ್ವೋ ನೋಡೋಕೆ ನಮಗೆ ಬರಬೇಕಲ್ಲ! ಇವಳ ಹತ್ರ ಕಾಗದ ಇತ್ತು, ತಗೊಂಡ್ರು. ನಾನು ಬಿ.ಕಾಂ. ಮಾಡಿದ ಕಾಲಕ್ಕೆ ಕಂಪ್ಯೂಟರ್ ರೂಮಿಗೆ ಚಪ್ಪಲಿ ಬಿಟ್ಟು ಹೋಗ್ತಿದ್ವಿ." ಅವನು ಗೋಡೆಯತ್ತ ಕೈ ತೋರಿಸಿದ. "ಈಗ ನೋಡಿ. ಕಾಗದ ಗೋಡೆ ಮೇಲೆ, ಲಿಂಗ ಮಣ್ಣೊಳಗೆ."

ಕಾವ್ಯಶ್ರೀಯ ಕಿವಿ ಕೆಂಪಾಯಿತು. "ಅದು ಬರೀ ಕಾಗದ ಅಲ್ಲ ಸಾರ್. ಆ ಪರೀಕ್ಷೇಲಿ ಪ್ರಶ್ನೆಗೆ ಉತ್ತರ ಬರೆಯೋದಲ್ಲ, ಎದುರಿಗೆ ಕೂತು ಕೆಲಸ ಮಾಡಿ ತೋರಿಸ್ಬೇಕು. ಒಂದು ಸಾಲು ಆಚೀಚೆ ಆದ್ರೂ ಹೋಯ್ತು. ನಾನು ತಪ್ಪು ಮಾಡಿಲ್ಲ."

"ನಾನೂ ಪೊಲೀಸರಿಗೆ ಅದನ್ನೇ ಹೇಳಿದೆ ಕಣಮ್ಮ," ಎಂದ ಶಿವಪ್ರಕಾಶ್ ಮೆತ್ತಗೆ. "ನಮ್ಮ ಹುಡುಗಿ ಕೈತಪ್ಪು ಮಾಡೋಳೇ ಅಲ್ಲ ಅಂತ."

ಸಬ್‌ಇನ್‌ಸ್ಪೆಕ್ಟರರ ಬಾಯಿಗೆ ಆ ಮಾತು ಎಲ್ಲಿಂದ ಬಂತೆಂದು ಕಾವ್ಯಶ್ರೀಗೆ ಆಗ ತಿಳಿಯಿತು. ಹೊಗಳಿಕೆಯಿಂದ ಉರುಳು ಹೆಣೆಯಬಹುದು ಎಂದು ಅವಳಿಗೆ ಗೊತ್ತಿರಲಿಲ್ಲ.

"ಅಂದ ಹಾಗೆ," ಅವನು ಅವಳ ಕುರ್ಚಿಯಲ್ಲೇ ಕುಳಿತ, "ಲಿಂಗ ನಿನ್ನ ಹತ್ರ ಏನೋ ಅರ್ಜಿ ಟೈಪ್ ಮಾಡಿಸ್ಬೇಕು ಅಂತಿದ್ನಂತೆ?"

"ಹೌದು ಸಾರ್. ಫಾರೆಸ್ಟ್ ಆಫೀಸಿಗೆ. ಕೆರೆ ಹತ್ರ ಬೀಟೆ ಮರ ಕಡೀತಾ ಇದಾರೆ, ಕಡಿಸೋರು ಯಾರು ಅಂತ ನಂಗೊತ್ತು ಅಂತ..."

ಯಮುನಕ್ಕ ಕೆಮ್ಮಿದಳು. ಕಾವ್ಯಶ್ರೀ ನಿಲ್ಲಿಸಿದಳು. ತಡವಾಗಿತ್ತು. ಅರ್ಜಿಯ ವಿಷಯ ಅವಳು ಯಾರಿಗೂ ಹೇಳಿರಲಿಲ್ಲ, ತನ್ನ ತಾಯಿಗೂ.

"ಯಾರು ಅಂತ ಹೆಸರು ಹೇಳಿದ್ನಾ?"

"ಇಲ್ಲ... ಹಬ್ಬ ಮುಗೀಲಿ ಅಂದಿದ್ದೆ."

"ಪಾಪ." ಶಿವಪ್ರಕಾಶ್ ಸ್ಕ್ರೀನಿನತ್ತ ತಿರುಗಿದ. "ಎಲ್ಲಿ, ಆ ಮೆಸೇಜಿನ ಹಾಳೆ ತೋರಿಸು. ಓನರ್ ಕೇಳಿದ್ರೆ ಹೇಳೋಕೆ ನನಗೂ ಸ್ವಲ್ಪ ಗೊತ್ತಿರ್ಲಿ. ಯಪ್ಪಾ, ಎಷ್ಟೊಂದು ಗೆರೆ! ಇದರಲ್ಲಿ ನಿಂದು ಎಲ್ಲಿದೆ?"

ಅವಳು ಬಗ್ಗಿ ಬೆರಳಿಟ್ಟು ತೋರಿಸಿದಳು. ಅವನು ಕನ್ನಡಕ ಹಣೆಗೇರಿಸಿದ. ಕಿಟಕಿಯ ಬೆಳಕು ಕಣ್ಣಿಗೆ ಹೊಡೀತಿದೆ ಎಂದು ಸ್ಕ್ರೀನನ್ನು ತನ್ನ ಕಡೆಗೆ ಹೊರಳಿಸಿಕೊಂಡ. ಒಂದೇ ಬೆರಳಿನಲ್ಲಿ, ಕೋಳಿ ಕಾಳು ಕುಕ್ಕಿದ ಹಾಗೆ, ಅಲ್ಲೊಂದು ಇಲ್ಲೊಂದು ಕೀಲಿ ಕುಟ್ಟಿದ.

"ಏನೂ ತಲೆಗೆ ಹೋಗಲ್ಲ ಬಿಡಮ್ಮ. ನಿಮ್ಮ ವಿದ್ಯೆ ನಿಮಗೇ ಇರ್ಲಿ."

ಹೊರಗಿನಿಂದ ಯಾರೋ ಕೂಗಿದರು, ಕಾಫಿ ಹಣ್ಣು ಸುಲಿಯುವ ಪಲ್ಪರಿನ ಬೆಲ್ಟ್ ಹರಿದಿದೆ ಎಂದು. ಶಿವಪ್ರಕಾಶ್ ಉತ್ತರ ಕೂಗುತ್ತ, ಮುಖ ಬಾಗಿಲ ಕಡೆಗೆ ಮಾಡಿಕೊಂಡೇ ಮೇಲೆದ್ದ.

ಏಳುವಾಗ ಅವನ ಎಡಗೈ ಕೀಬೋರ್ಡಿನ ಮೇಲೆ ಹರಿಯಿತು.

ಅವನು ನೋಡಲಿಲ್ಲ. ಯೋಚಿಸಲಿಲ್ಲ. ಹೊಸ್ತಿಲು ದಾಟುವವನು ತಲೆ ಬಗ್ಗಿಸಿದ ಹಾಗೆ ಎರಡು ಬೆರಳು ತಾವಾಗಿ ಎರಡು ಕೀಲಿ ಒತ್ತಿದವು. ಹಾಳೆ ಮಾಯವಾಯಿತು. ನೀಲಿ ಸ್ಕ್ರೀನು. ಗಡಿಯಾರ. ಪಾಸ್‌ವರ್ಡ್ ಕೇಳುವ ಖಾಲಿ ಚೌಕ.

ಬೀಗ.

ಉಸಿರು ಎಳೆದ ಸದ್ದು ತನ್ನದೇ ಎಂದು ಕಾವ್ಯಶ್ರೀಗೆ ತಿಳಿಯುವಷ್ಟರಲ್ಲಿ ಅವನು ಹಿಂತಿರುಗಿ ನೋಡಿದ್ದ. ಮೊದಲು ಅವಳನ್ನು. ಆಮೇಲೆ ಸ್ಕ್ರೀನನ್ನು. ಆಮೇಲೆ ತನ್ನ ಎಡಗೈಯನ್ನು.

"ಕರೆಂಟ್ ಹೋಯ್ತೇನೋ," ಎಂದ.

ತಲೆಯ ಮೇಲೆ ಟ್ಯೂಬ್‌ಲೈಟು ಉರಿಯುತ್ತಲೇ ಇತ್ತು.

"ಇರಬೇಕು," ಎಂದಳು ಯಮುನಕ್ಕ, ಸೆರಗಿನಿಂದ ಕನ್ನಡಕ ಒರೆಸುತ್ತ.

ಅವನು ಇನ್ನೊಂದು ಕ್ಷಣ ನಿಂತ. ನಗು ಮುಖಕ್ಕೆ ವಾಪಸ್ಸು ಬಂತು, ಆದರೆ ಕಣ್ಣಿನ ತನಕ ಏರಲಿಲ್ಲ. "ಸಂಜೆ ಬಸ್ಸಿಗೇ ಹೋಗ್ತೀಯಲ್ಲ ಕಾವ್ಯಾ? ಹುಷಾರಾಗಿ ಹೋಗಮ್ಮ."

ಜೀಪಿನ ಸದ್ದು ದೂರವಾಯಿತು.

"ಅಕ್ಕಾ..."

"ಮೊದಲು ಉಸಿರು ಬಿಡು."

"ಅದು ಕಲಿಯದೆ ಬರಲ್ಲ ಅಕ್ಕಾ. ನಂಗೆ ಕೈಗೆ ಹತ್ತೋಕೆ ತಿಂಗಳುಗಟ್ಟಲೆ ಹಿಡೀತು. ಈ ಮನುಷ್ಯ ಒಂದೇ ಬೆರಳಲ್ಲಿ ಕುಟ್ತಾ ಕೂತಿದ್ನಲ್ಲ..."

"ಸುಳ್ಳು ಹೇಳೋದು ಬಾಯಿ. ಕೈಗೆ ಯಾರೂ ಹೇಳಿಕೊಟ್ಟಿರಲಿಲ್ಲ." ಯಮುನಕ್ಕ ಗೋಡೆಯ ಮೇಲಿನ ಚೌಕಟ್ಟನ್ನು ನೋಡಿದಳು. "ಗೋಡೆಗೆ ಹಾಕಿದ ಸರ್ಟಿಫಿಕೇಟ್ ಪೊಲೀಸರಿಗೆ ಕಾಣ್ತು. ಪೆಟ್ಟಿಗೇಲಿ ಬಚ್ಚಿಟ್ಟಿದ್ದು ನಮಗೆ ಈಗ ಕಾಣ್ತು. ಆದ್ರೆ ಕೈ ಆಡಿತು ಅಂದ್ರೆ ಕೋರ್ಟು ಕೇಳಲ್ಲ ಮಗಾ. ಅವನು ಕಲಿತಿದ್ದಕ್ಕೆ ಗುರುತು ಎಲ್ಲಾದ್ರೂ ಉಳಿದಿರುತ್ತಾ?"

ಕಾವ್ಯಶ್ರೀ ತಲೆ ಎತ್ತಿದಳು. ಭಯದ ಒಳಗಿಂದಲೇ ಏನೋ ಎದ್ದು ಬಂತು. "ಉಳಿದಿರುತ್ತೆ! ಪರೀಕ್ಷೆ ಕೊಡೋಕೆ ಮುಂಚೆ ಫೋಟೋ ತೆಗೀತಾರೆ, ಗುರುತಿನ ಚೀಟಿ ನೋಡ್ತಾರೆ. ಪಾಸಾದೋರ ಹೆಸರು ಅಳಿಸೋಕೆ ಯಾರಿಗೂ ಆಗಲ್ಲ. ನಮ್ಮ ಮೇಷ್ಟ್ರು ಈ ಕಡೆಯೋರಿಗೆಲ್ಲ ಪರೀಕ್ಷೆ ಮಾಡಿಸೋರು. ಅವರಿಗೆ ಗೊತ್ತಿರುತ್ತೆ."

"ಫೋನ್ ಮಾಡು."

ಮಾಡಿದಳು. ಮೇಷ್ಟ್ರು ಎತ್ತಲಿಲ್ಲ. ಸಂಜೆಯ ಕ್ಲಾಸಿಗೆ ಕೂತರೆ ಅವರು ಫೋನು ಮುಟ್ಟುವವರಲ್ಲ.

"ಹಾಗಾದ್ರೆ ನಡಿ, ಹೋಗಿ ಕೂರೋಣ. ನಾಳೆ ಠಾಣೆಗೆ ಬಟ್ಟೆಗಂಟು ಹೊತ್ಕೊಂಡು ಹೋಗೋದು ಬೇಡ ನೀನು. ಅವನ ಫೋಟೋ ಹಿಡ್ಕೊಂಡು ಹೋಗೋಣ."

ಕಾವ್ಯಶ್ರೀ ಪಾಸ್‌ವರ್ಡ್ ಒತ್ತಿ ಬೀಗ ತೆಗೆದು, ಮೂಲೆಯ ಆ ಪುಟ್ಟ ಚೌಕವನ್ನು ಮುಚ್ಚಿ, ಕುರ್ಚಿಯನ್ನು ಕೃಷ್ಣಪ್ಪನಿಗೆ ಬಿಟ್ಟಳು. ಕೆಂಚನ ಸಂಜೆಯ ಫೋನು ಇನ್ನೂ ಬಂದಿರಲಿಲ್ಲ. ಯಾರು ಸತ್ತರೂ, ಯಾರ ಮೇಲೆ ಕೇಸಾದರೂ, ಆ ಮೆಸೇಜು ಹೋಗಲೇಬೇಕು. ಕೂಲಿ ಲೈನುಗಳ ಹೆಂಗಸರು ಅದನ್ನು ನೋಡಿಯೇ ಹೊರಗೆ ಕಾಲಿಡುತ್ತಾರೆ. ಸಾಲುಗಳನ್ನು ಇನ್ನೊಮ್ಮೆ ಓದಬೇಕು ಎಂದು ಅವಳಿಗೆ ಹೊಳೆಯಲಿಲ್ಲ. ಬಸ್ಸಿನ ಹೊತ್ತಾಗಿತ್ತು.

"ಹುಷಾರು ಕಣವ್ವ," ಎಂದ ಕೃಷ್ಣಪ್ಪ. "ಯಮುನಕ್ಕ, ನಿಮ್ ನಂಬರೂ ಬೆಳಿಗ್ಗೇನೇ ಗೇಟ್ ಬ್ಲಾಕಿಗೆ ಹಾಕ್ಸಿದೀನಿ. ತೋಟಕ್ಕೆ ಕಾಲಿಟ್ಟೋರ ನಂಬರ್ ಹಾಕ್ದೆ ಬಿಡಲ್ಲ ನಾನು. ನೀವು ನಡೆಯೋದೂ ಇವ್ಳು ದಿನಾ ನಡೆಯೋ ದಾರೀಲೇ ಅಲ್ವಾ."

ಗೇಟಿನ ದಾರಿ ಕಾಫಿಯ ನಡುವೆ ಇಳಿಯುತ್ತದೆ. ಇನ್ನೂ ಬೆಳಕಿತ್ತು. ಹಣ್ಣಾಗತೊಡಗಿದ ಕಾಫಿ ಗಿಡಗಳು ಎರಡೂ ಕಡೆ ಒತ್ತಿಕೊಂಡು ನಿಂತಿದ್ದವು, ಎರಡು ಮಾರು ಆಚೆ ಏನಿದೆಯೆಂದು ಕಾಣದ ಹಾಗೆ. ಯಮುನಕ್ಕನ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು, ಕಾವೇರಮ್ಮನ ಹೆಸರಿರಬೇಕು. ಸಿಲ್ವರ್ ಓಕಿನಿಂದ ಒಂದು ಎಲೆ ಉದುರಿದರೂ ಕಾವ್ಯಶ್ರೀಯ ಹೆಜ್ಜೆ ತಪ್ಪುತ್ತಿತ್ತು.

ತಿರುವಿಗೆ ಬರುವಾಗ ಇಬ್ಬರ ಫೋನುಗಳೂ ಒಟ್ಟಿಗೆ ಸದ್ದು ಮಾಡಿದವು.

ಕಾವ್ಯಶ್ರೀ ನೋಡಿದಳು. ಎದೆ ಹಗುರವಾಯಿತು.

"ದಾರಿ ಸರಿ ಇದೆಯಂತೆ ಅಕ್ಕಾ. ಬೇಗ ಹೆಜ್ಜೆ ಹಾಕೋಣ."

ಯಮುನಕ್ಕ ನಿಂತುಬಿಟ್ಟಿದ್ದಳು. ತನ್ನ ಫೋನನ್ನು ಅವಳ ಮುಂದೆ ಹಿಡಿದಳು.

*ಗೇಟ್ ಬ್ಲಾಕಿನಲ್ಲಿ ಆನೆ ಇದೆ. ಹೋಗಬೇಡಿ.*

ಒಂದೇ ದಾರಿ. ಒಂದೇ ಹೊತ್ತು. ಎರಡು ಫೋನಿನಲ್ಲಿ ಎರಡು ಮಾತು.

ಕೋಳಿ ಕಾಳು ಕುಕ್ಕಿದ ಹಾಗೆ ಕುಟ್ಟುತ್ತಿದ್ದ ಆ ಒಂದು ಬೆರಳು ಕಾವ್ಯಶ್ರೀಯ ಕಣ್ಣ ಮುಂದೆ ಬಂತು. ತಮ್ಮೆಲ್ಲರ ಎದುರಿಗೇ ಕೂತು ಮಾಡಿದ್ದ.

"ಅಕ್ಕಾ, ನನ್ನ ಸಾಲು... ನಾನೇ ಬೆರಳಿಟ್ಟು ತೋರಿಸ್ದೆ."

"ಮಾತಾಡಬೇಡ. ಹಿಂದಕ್ಕೆ ನಡಿ. ಓಡಬೇಡ."

ಇಬ್ಬರೂ ಮೆಲ್ಲಗೆ ತಿರುಗಿದರು. ಇಳಿದು ಬಂದ ದಾರಿಗೆ ಅಡ್ಡಲಾಗಿ ಜೀಪು ನಿಂತಿತ್ತು. ಎಂಜಿನ್ ಆರಿಸಿ, ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರಿಸಿಕೊಂಡು ಬಂದಿರಬೇಕು. ಬಾನೆಟ್ಟಿಗೆ ಒರಗಿ ನಿಂತಿದ್ದ ಶಿವಪ್ರಕಾಶ್ ಎಡಗೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದ.

"ಯಾಕಮ್ಮ ನಿಂತ್ಬಿಟ್ಟೆ?" ಎಂದ, ಎಂದಿನ ಮೆತ್ತಗಿನ ದನಿಯಲ್ಲಿ. "ಮೆಸೇಜ್ ಬಂತಲ್ಲ. ದಾರಿ ಸರಿ ಇದೆ. ಹೋಗು."

ಅವರ ಬೆನ್ನ ಹಿಂದೆ, ತಿರುವಿನಾಚೆ, ದಪ್ಪನೆಯ ಕೊಂಬೆಯೊಂದು ಲಟಕ್ಕೆಂದು ಮುರಿಯಿತು.